ಮೊದಲ ದಿನವೇ ಪೂರ್ತಿ ಸಾಲ ಎತ್ತಿದರೆ: ನಾಲ್ಕು ವ್ಯವಹಾರ ಗೇಮ್‌ಗಳ ಹಣಕಾಸು ಹೋಲಿಕೆ

ಹೋಲಿಕೆಗೆ ತೆಗೆದುಕೊಂಡದ್ದು ಓಪನ್‌ಟಿಟಿಡಿ (ಸಾರಿಗೆ ಕಂಪನಿ ನಡೆಸುವ ಆಟ), ರೈಲ್‌ರೋಡ್ ಟೈಕೂನ್ 3 (ರೈಲು ಕಂಪನಿಯ ಆಟ), ಕ್ಯಾಪಿಟಲಿಸಂ ಲ್ಯಾಬ್ (ಅಂಗಡಿ, ಕಾರ್ಖಾನೆ ನಡೆಸುವ ಆಟ) ಮತ್ತು ಆಫ್‌ವರ್ಲ್ಡ್ ಟ್ರೇಡಿಂಗ್ ಕಂಪನಿ. ನಾಲ್ಕಕ್ಕೂ ಇಟ್ಟ ಪರೀಕ್ಷೆ ಮೂರೇ. ಮೊದಲ ದಿನವೇ ಸಿಕ್ಕಷ್ಟೂ ಸಾಲ ಎತ್ತಿದರೆ ಏನಾಗುತ್ತದೆ? ಆದಾಯ ಕುಸಿದಾಗ ಸಾಲ ಕೊಟ್ಟವನಿಗೆ ಅದು ಗೊತ್ತಾಗುತ್ತದೆಯೇ? ಪುಸ್ತಕದಲ್ಲಿ ಲಾಭ ಇದ್ದೂ ತಿಜೋರಿ ಖಾಲಿಯಾಗುವ ಸಂದರ್ಭ ಬರುತ್ತದೆಯೇ? ಗ್ರಾಫ್ ಎಷ್ಟಿವೆ, ಷೇರು ಪಟ್ಟಿ ಎಷ್ಟು ಉದ್ದ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಬಟನ್ ಹೆಚ್ಚಿದ ಮಾತ್ರಕ್ಕೆ ಹಣಕಾಸು ನೈಜವಾಗುವುದಿಲ್ಲ.

ಓಪನ್‌ಟಿಟಿಡಿ: ಕೇಳಿದವರಿಗೆಲ್ಲ ಒಂದೇ ಬಡ್ಡಿ

ಮೂಲ ಸೆಟ್ಟಿಂಗ್‌ನಲ್ಲಿ ಗರಿಷ್ಠ ಸಾಲ 3,00,000 ಪೌಂಡ್. ಎತ್ತುವುದೂ ತೀರಿಸುವುದೂ 10,000ದ ಹಂತಗಳಲ್ಲಿ. ಬಡ್ಡಿ ವರ್ಷಕ್ಕೆ ಶೇ 2, ತಿಂಗಳು ತಿಂಗಳು ಕಡಿತ. ಅಸಲಿಗೆ ಗಡುವೇ ಇಲ್ಲ. ಪೂರ್ತಿ ಮೂರು ಲಕ್ಷ ಎತ್ತಿದರೂ ವರ್ಷದ ಬಡ್ಡಿ 6,000. ದೂರದ ಗಣಿಯಿಂದ ಕಲ್ಲಿದ್ದಲು ಹೊರುವ ಒಂದು ಒಳ್ಳೆಯ ರೈಲು ಅಷ್ಟನ್ನು ಆರಾಮಾಗಿ ದುಡಿಯುತ್ತದೆ. ಹೀಗಾಗಿ ಸಾಲ ಬೇಕೇ ಬೇಡವೇ ಎಂದು ಯೋಚಿಸುವ ಪ್ರಮೇಯವೇ ಬರುವುದಿಲ್ಲ. ಎತ್ತದವನು ಹಿಂದೆ ಬೀಳುತ್ತಾನೆ, ಅಷ್ಟೇ.

ಬಡ್ಡಿಯನ್ನು ಏರಿಸಿ ಇದನ್ನು ಸರಿಪಡಿಸಲಾಗದು. ಆ ಸೆಟ್ಟಿಂಗ್ ಶೇ 4ಕ್ಕೇ ನಿಲ್ಲುತ್ತದೆ. ಸಾಲಮಿತಿಯನ್ನೇ 1,00,000ಕ್ಕೆ ಇಳಿಸಿ, ವಾಹನಗಳ ಓಡಾಟದ ಖರ್ಚನ್ನು ಏರಿಸಿ ಆಡಿದರೆ ಮೊದಲ ಐದಾರು ವರ್ಷಕ್ಕೆ ಸ್ವಲ್ಪ ಬಿಸಿ ತಟ್ಟುತ್ತದೆ. ಇನ್ನೂ ಮುಂದೆ ಹೋಗುವವರಿಗೆ, ಈಚಿನ ಆವೃತ್ತಿಗಳಲ್ಲಿ ಗೇಮ್ ಸ್ಕ್ರಿಪ್ಟ್ (ಆಟದ ನಿಯಮ ಬದಲಿಸುವ ಪುಟ್ಟ ಪ್ರೋಗ್ರಾಂ) ಬರೆದು ಒಂದೊಂದು ಕಂಪನಿಗೂ ಬೇರೆ ಬೇರೆ ಸಾಲಮಿತಿ ಹಾಕಬಹುದು. ಕಳೆದ ನಾಲ್ಕು ತ್ರೈಮಾಸಿಕಗಳ ನಿರ್ವಹಣಾ ಲಾಭದ (ಬಡ್ಡಿ ಕಳೆಯುವ ಮೊದಲಿನ ಲಾಭ) ಮೂರು ಪಟ್ಟು ಎಂದು ಮಿತಿ ಇಟ್ಟರೆ ಬ್ಯಾಂಕಿಗೆ ಕಣ್ಣು ಬಂದ ಹಾಗಾಗುತ್ತದೆ.

ಇನ್ನೊಂದು ಕೊರತೆ ಸವಕಳಿಯದು. ವಾಹನದ ಬೆಲೆ ವರ್ಷ ವರ್ಷ ಇಳಿಯುತ್ತದೆ, ಆದರೆ ಖರ್ಚಿನ ಪಟ್ಟಿಯಲ್ಲಿ ಸವಕಳಿಯ ಸಾಲೇ ಇಲ್ಲ. ಒಂದೇ ಕಾಲಕ್ಕೆ ಕೊಂಡ ಎಂಜಿನ್‌ಗಳೆಲ್ಲ ಒಂದೇ ಕಾಲಕ್ಕೆ ಮುದಿಯಾಗುತ್ತವೆ. ತಾನಾಗಿ ನವೀಕರಿಸುವ ಸೌಲಭ್ಯಕ್ಕೆ ಖಾತೆಯಲ್ಲಿ ಇಂತಿಷ್ಟು ಹಣ ಇರಲೇಬೇಕೆಂಬ ಷರತ್ತಿದೆ (ಮೂಲ ಮೊತ್ತ 1,00,000). ಅದಕ್ಕಿಂತ ಕೆಳಗಿಳಿದರೆ ನವೀಕರಣ ನಿಂತು ಹಳೆಯ ರೈಲುಗಳು ದಾರಿಯಲ್ಲೇ ಕೆಡುತ್ತಾ ಹಿಂದಿನವನ್ನೂ ತಡೆಯುತ್ತವೆ. ವಾಹನಗಳ ಕೊಂಡ ಬೆಲೆಯಲ್ಲಿ ಹದಿನೈದನೇ ಒಂದು ಭಾಗವನ್ನು ವರ್ಷಕ್ಕೊಮ್ಮೆ ಬದಿಗಿಟ್ಟು, ಉಳಿದದ್ದೇ ಲಾಭ ಎಂದು ಎಣಿಸಿ ಆಡಿದರೆ ಆ ಆಘಾತ ತಪ್ಪುತ್ತದೆ.

ರೈಲ್‌ರೋಡ್ ಟೈಕೂನ್ 3: ಎರಡು ಜೇಬು

2003ರ ಗೇಮ್. ಹಣಕಾಸಿನ ಮಟ್ಟಿಗೆ ನಾಲ್ಕರಲ್ಲಿ ಮೊದಲ ಸ್ಥಾನ ಇದಕ್ಕೇ, ಅದೂ ಸಾಕಷ್ಟು ಅಂತರದಿಂದ. ಸಾಲ ಸಿಗುವುದು 5 ಲಕ್ಷ ಡಾಲರ್‌ನ ಬಾಂಡ್‌ಗಳ (ಸಾಲಪತ್ರಗಳ) ರೂಪದಲ್ಲಿ. ಬಡ್ಡಿದರ ಕಂಪನಿಯ ಸಾಲಯೋಗ್ಯತೆಯನ್ನೂ ಆಗಿನ ಆರ್ಥಿಕ ಸ್ಥಿತಿಯನ್ನೂ ಅವಲಂಬಿಸುತ್ತದೆ. ಒಂದರ ಹಿಂದೊಂದು ಬಾಂಡ್ ಹೊರಡಿಸಿದರೆ ಯೋಗ್ಯತೆ ಇಳಿದು ಮುಂದಿನದು ದುಬಾರಿಯಾಗುತ್ತದೆ. ಮೊದಲ ದಿನವೇ ಎಲ್ಲವನ್ನೂ ಎತ್ತುವ ತಂತ್ರಕ್ಕೆ ಇಲ್ಲಿ ಬೆಲೆ ತೆರಬೇಕು. ಸುಭಿಕ್ಷದಲ್ಲಿ ಎತ್ತಿ ಹಿಂಜರಿತದಲ್ಲಿ ಸುಮ್ಮನಿರಬೇಕು ಎಂಬ ಪಾಠವನ್ನು ಯಾವ ಟ್ಯುಟೋರಿಯಲ್ಲೂ ಹೇಳಬೇಕಿಲ್ಲ, ಬಾಂಡ್ ಪರದೆಯೇ ಹೇಳುತ್ತದೆ.

ನಿಜವಾದ ಹೆಚ್ಚುಗಾರಿಕೆ ಇರುವುದು ಕಂಪನಿಯ ಹಣ ಬೇರೆ, ಅಧ್ಯಕ್ಷನ ಸ್ವಂತ ಹಣ ಬೇರೆ ಎಂಬ ವಿಂಗಡಣೆಯಲ್ಲಿ. ಲಾಭಾಂಶ ಏರಿಸಿದರೆ ಕಂಪನಿ ಬಡವಾಗುತ್ತದೆ, ಆಟಗಾರ ಸಿರಿವಂತನಾಗುತ್ತಾನೆ. ಹೊಸ ಷೇರು ಹೊರಡಿಸಿದರೆ ಹಳಿ ಹಾಕಲು ಹಣ ಬರುತ್ತದೆ, ಹಿಡಿತ ಸಡಿಲವಾಗುತ್ತದೆ. ಕುರ್ಚಿ ಉಳಿಸಿಕೊಳ್ಳಲು ಸ್ವಂತ ಜೇಬಿನಿಂದ ಷೇರು ಕೊಳ್ಳಬೇಕು. ಕೈಯಲ್ಲಿ ಹಣ ಇಲ್ಲದಿದ್ದರೆ ಇರುವ ಷೇರುಗಳ ಬಲದ ಮೇಲೆ ಮಾರ್ಜಿನ್‌ನಲ್ಲಿ, ಅಂದರೆ ಸಾಲದಲ್ಲಿ, ಕೊಳ್ಳಬಹುದು. ಬೆಲೆ ಬಿದ್ದಾಗ ಮಾರ್ಜಿನ್ ಕರೆ (ಆ ಸಾಲ ತೀರಿಸು ಎಂಬ ತಾಕೀತು) ಬಂದು ಷೇರುಗಳು ಬಲವಂತವಾಗಿ ಮಾರಾಟವಾಗುತ್ತವೆ. ಆ ಮಾರಾಟ ಬೆಲೆಯನ್ನು ಇನ್ನಷ್ಟು ತಗ್ಗಿಸುತ್ತದೆ. ರೈಲುಗಳು ಚೆನ್ನಾಗಿ ಓಡುತ್ತಿರುವಾಗಲೇ ಅಧ್ಯಕ್ಷ ಬೀದಿಗೆ ಬರುವುದು ಹೀಗೆ.

ದೋಷವೂ ಇಲ್ಲೇ ಇದೆ. ಆಟಗಾರ ಕೊಂಡಾಗ ಬೆಲೆ ಏರುತ್ತದೆ, ಏರಿದ ಬೆಲೆಯಿಂದ ಅವನ ಕೊಳ್ಳುವ ಶಕ್ತಿ ಹೆಚ್ಚುತ್ತದೆ, ಮತ್ತೆ ಕೊಳ್ಳುತ್ತಾನೆ. ಕಂಪನಿಯ ಹಣದಿಂದಲೇ ಷೇರು ಮರುಖರೀದಿ ಮಾಡಿ ಸ್ವಂತ ಆಸ್ತಿ ಉಬ್ಬಿಸುವುದೂ ಸುಲಭ. ಇಂಥ ಮಾದರಿಯನ್ನು ಸ್ವಂತ ಗೇಮ್‌ಗೆ ತರುವವರು ಒತ್ತೆ ಷೇರಿನ ಮೌಲ್ಯವನ್ನು ಇಂದಿನ ಬೆಲೆಯಲ್ಲಿ ಕಟ್ಟಬಾರದು. ಹಿಂದಿನ 90 ದಿನಗಳ ಸರಾಸರಿ ಬೆಲೆ ಹಿಡಿದು, ಅದರಲ್ಲೂ ಶೇ 30 ಕಳೆದು ಸಾಲ ಕೊಟ್ಟರೆ ಈ ಚಕ್ರ ಮುರಿಯುತ್ತದೆ.

ಕ್ಯಾಪಿಟಲಿಸಂ ಲ್ಯಾಬ್ ಮತ್ತು ಆಫ್‌ವರ್ಲ್ಡ್

1995ರಿಂದ ಬಂದ ಕ್ಯಾಪಿಟಲಿಸಂ ಸರಣಿಯ ಕೊನೆಯ ಕೊಂಡಿ ಲ್ಯಾಬ್. ವರದಿಗಳ ಆಳದಲ್ಲಿ ಇದನ್ನು ಮೀರಿಸಿದ್ದು ಈ ನಾಲ್ಕರಲ್ಲಿಲ್ಲ: ಆಸ್ತಿ–ಹೊಣೆ ಪಟ್ಟಿ, ಲಾಭ–ನಷ್ಟ, ಅಂಗಡಿವಾರು ಲೆಕ್ಕ ಎಲ್ಲ ಸಿಗುತ್ತವೆ. ಬ್ಯಾಂಕ್, ವಿಮೆ ಬೇಕಾದವರಿಗೆ ಬೇರೆಯೇ ವಿಸ್ತರಣೆ ಇದೆ. ಷೇರು ಹೊರಡಿಸಿ ಸಂಶೋಧನೆಗೆ ಸುರಿಯುವುದು ಇಲ್ಲಿ ಸಾಮಾನ್ಯ ದಾರಿ. ಸ್ವಂತ ಪಾಲು ಅರ್ಧಕ್ಕಿಂತ ಕೆಳಗಿಳಿದರೆ ಎದುರಾಳಿ ಕಂಪನಿಗಳು ಕಣ್ಣು ಹಾಕುತ್ತವೆ, ಹಾಗಾಗಿ ಶೇ 51ರ ಗೆರೆ ಆಟದುದ್ದಕ್ಕೂ ತಲೆಯಲ್ಲಿರುತ್ತದೆ. ಆದರೆ ಸರಕು ಮಾರಿದ ಕ್ಷಣವೇ ಹಣ ಕೈಗೆ ಬರುತ್ತದೆ. ಅಷ್ಟೊಂದು ವರದಿಗಳಿದ್ದೂ ಲಾಭ ಮತ್ತು ನಗದು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗುವುದು ಇದರಿಂದಲೇ.

ಆಫ್‌ವರ್ಲ್ಡ್ (2016) ಮಂಗಳ ಗ್ರಹದ ಚುಟುಕು ಆಟ. ಸಾಲ ಬೇಕೆಂದು ಕೇಳಿ ಪಡೆಯುವುದಲ್ಲ, ನೀರು, ಆಹಾರ, ಆಮ್ಲಜನಕದ ಕೊರತೆ ತುಂಬಲು ಹಣ ಇಲ್ಲದಿದ್ದರೆ ತಾನಾಗಿ ಬೆಳೆಯುತ್ತದೆ. ಸಾಲಯೋಗ್ಯತೆಯ ರೇಟಿಂಗ್ ಇಳಿದಂತೆ ಬಡ್ಡಿ ಏರುತ್ತದೆ. ಸಾಲ ಹೆಚ್ಚಿದಂತೆ ಷೇರು ಅಗ್ಗವಾಗುತ್ತದೆ, ಕಂಪನಿಗೆ ಇರುವುದೇ ಹತ್ತು ಷೇರು, ಎದುರಾಳಿ ಅಷ್ಟನ್ನೂ ಕೊಂಡರೆ ಆಟ ಮುಗಿಯಿತು. ಸಾಲ ಮತ್ತು ಒಡೆತನವನ್ನು ಇಷ್ಟು ಬಿಗಿಯಾಗಿ ಹೆಣೆದ ಗೇಮ್ ಅಪರೂಪ. ಕಂತು, ಗಡುವು, ಸವಕಳಿಗೆ ಇಲ್ಲಿ ಜಾಗವಿಲ್ಲ. ಅಷ್ಟು ಚಿಕ್ಕ ಆಟಕ್ಕೆ ಬೇಕಾಗಿಯೂ ಇಲ್ಲ.

ನಾಲ್ಕರಲ್ಲೂ ಇಲ್ಲದ್ದು: ಉದ್ರಿ

ಮೂರನೇ ಪರೀಕ್ಷೆಯಲ್ಲಿ ನಾಲ್ಕೂ ಫೇಲು. ಯಂತ್ರ ಕೊಂಡೋ ಹಳಿ ಹಾಕಿಯೋ ನಗದು ಖಾಲಿ ಮಾಡಿಕೊಳ್ಳಬಹುದು, ಅದು ಬೇರೆ. ಮಾರಾಟ ಬೆಳೆದದ್ದರಿಂದಲೇ ನಗದು ಬತ್ತುವ ಸ್ಥಿತಿ ಎಲ್ಲೂ ಬರುವುದಿಲ್ಲ. ನಿಜವಾದ ಸಣ್ಣ ಕಂಪನಿಗಳು ಮುಗ್ಗರಿಸುವುದು ಹೆಚ್ಚಾಗಿ ಅಲ್ಲೇ.

ಲೆಕ್ಕ ಹೀಗಿದೆ. ಮೊದಲ ತಿಂಗಳ ಮಾರಾಟ 100, ತಿಂಗಳಿಗೆ ಶೇ 20 ಬೆಳವಣಿಗೆ, ಲಾಭದ ಪ್ರಮಾಣ ಮಾರಾಟದ ಶೇ 20. ಖರ್ಚು ಆಯಾ ತಿಂಗಳೇ ಕೊಡಬೇಕು, ಗಿರಾಕಿಯ ಹಣ ಎರಡು ತಿಂಗಳ ಮೇಲೆ ಬರುತ್ತದೆ. ಮೊದಲ ತಿಂಗಳು ನಗದು 80 ಕಡಿಮೆ, ಎರಡನೆಯದರ ಕೊನೆಗೆ ಒಟ್ಟು 176 ಕಡಿಮೆ. ಮೂರನೆಯದರಿಂದ ಹಣ ಬರತೊಡಗಿದರೂ ಖರ್ಚು ಅದಕ್ಕಿಂತ ಮುಂದೆ ಓಡುತ್ತಿರುತ್ತದೆ. ಆರನೇ ತಿಂಗಳ ಕೊನೆಗೆ ಪುಸ್ತಕದ ಲಾಭ 198.6, ನಗದಿನ ಕೊರತೆ 257.6. ನಡುವಿನ 456.2 ಗಿರಾಕಿಗಳ ಬಳಿ ಬಾಕಿ. ಬೆಳವಣಿಗೆ ನಿಲ್ಲಿಸಿದರೆ ತಿಜೋರಿ ತುಂಬುತ್ತದೆ, ಮುಂದುವರಿಸಿದರೆ ದುಡಿಮೆ ಬಂಡವಾಳಕ್ಕೆ ಸಾಲ ಬೇಕು. ಆಟಗಾರನಿಗೆ ಇದಕ್ಕಿಂತ ಒಳ್ಳೆಯ ಇಕ್ಕಟ್ಟನ್ನು ಯಾವ ಷೇರು ಪೇಟೆಯೂ ಕೊಡಲಾರದು.

ಸ್ವಂತ ಗೇಮ್‌ನಲ್ಲಿ ಇದನ್ನು ತರುವುದು ಕಷ್ಟವಲ್ಲ. ಪ್ರತಿ ಮಾರಾಟಕ್ಕೂ ಮೊತ್ತ, ಗಿರಾಕಿ, ಹಣ ಬರಬೇಕಾದ ದಿನ ಎಂಬ ಮೂರು ವಿವರಗಳ ಒಂದು ದಾಖಲೆ ಸಾಕು. ಮಾರಾಟಗಳು ಸಾವಿರಗಟ್ಟಲೆ ಇದ್ದರೆ ಬಿಡಿ ಬಿಲ್ ಬೇಡ, ತಿಂಗಳವಾರು ಒಟ್ಟು ಮಾಡಿದ ಬುಟ್ಟಿಗಳನ್ನು ಇಡಿ. ಇಲ್ಲವಾದರೆ ಸೇವ್ ಕಡತ ಉಬ್ಬುತ್ತದೆ. ಬಾಕಿಯಲ್ಲಿ ಒಂದು ಸಣ್ಣ ಪಾಲು ಮುಳುಗಿಹೋಗಲಿ, ಹಿಂಜರಿತದಲ್ಲಿ ಆ ಪಾಲು ಹೆಚ್ಚಲಿ. ಬೇಗ ಕೊಟ್ಟವರಿಗೆ ಶೇ 2 ರಿಯಾಯಿತಿ ಎಂಬ ಒಂದೇ ಒಂದು ಆಯ್ಕೆ ಇಟ್ಟರೂ ಆಟಗಾರ ಲಾಭವನ್ನೋ ನಗದನ್ನೋ ಆರಿಸಿಕೊಳ್ಳಲೇಬೇಕಾಗುತ್ತದೆ.

ಬ್ಯಾಂಕನ್ನು ಹೇಗೆ ಕಟ್ಟುವುದು

ಅಸಲು ಸೇರಿದ ಸಮಾನ ಕಂತು ಇರಲಿ. 10 ಲಕ್ಷಕ್ಕೆ ಶೇ 12ರಂತೆ ಐದು ವರ್ಷಕ್ಕೆ ತಿಂಗಳ ಕಂತು 22,244. ಬಡ್ಡಿ ಮಾತ್ರ ಕಟ್ಟಿಸಿಕೊಳ್ಳುವ ಗೇಮ್‌ನಲ್ಲಿ ಇದೇ ಸಾಲಕ್ಕೆ 10,000. ವ್ಯತ್ಯಾಸ ಎರಡು ಪಟ್ಟಿಗೂ ಮೇಲೆ, ಯಂತ್ರ ದುಡಿಯುವ ಮೊದಲೇ ಕಂತು ಶುರುವಾದರೆ ಅದರ ಹೊಡೆತ ಗೊತ್ತಾಗುತ್ತದೆ.

ದರಕ್ಕೆ ಬಡ್ಡಿ ಭರಿಸುವ ಶಕ್ತಿಯನ್ನು ಅಳತೆಗೋಲಾಗಿ ಇಡಿ: ನಿರ್ವಹಣಾ ಲಾಭ ಭಾಗಿಸು ಬಡ್ಡಿ. 4 ಮತ್ತು ಮೇಲಿದ್ದರೆ ಮೂಲದರಕ್ಕೆ ಶೇ 1 ಸೇರಿಸಿ, 2ರಿಂದ 4ರೊಳಗೆ ಶೇ 3, 1.2ರಿಂದ 2ರೊಳಗೆ ಶೇ 6, ಅದಕ್ಕಿಂತ ಕೆಳಗೆ ಹೊಸ ಸಾಲವೇ ಇಲ್ಲ. ಕಂಪನಿಯ ಆದಾಯ 40 ಲಕ್ಷ, ಸ್ಥಿರ ಖರ್ಚು 20 ಲಕ್ಷ, ಮಾರಾಟದ ಜೊತೆ ಏರಿಳಿಯುವ ಖರ್ಚು ಶೇ 20, ಬಡ್ಡಿ 3 ಲಕ್ಷ ಎಂದುಕೊಳ್ಳಿ. ಲಾಭ 12 ಲಕ್ಷ, ಅನುಪಾತ 4. ಆದಾಯ ಕಾಲು ಭಾಗ ಬಿದ್ದರೆ ಲಾಭ 4 ಲಕ್ಷಕ್ಕೆ, ಅನುಪಾತ 1.33ಕ್ಕೆ ಇಳಿಯುತ್ತದೆ. ಎರಡು ಮೆಟ್ಟಿಲು ಒಮ್ಮೆಗೇ ಜಾರಿದಂತೆ.

ಇಲ್ಲಿ ಎಡವುವುದು ಹೆಚ್ಚಾಗಿ ಅಳೆಯುವ ಅವಧಿಯಲ್ಲಿ. ತಿಂಗಳ ಲಾಭ ನೋಡಿ ಹಳೆಯ ಸಾಲದ ದರವನ್ನೂ ಬದಲಿಸಿದರೆ, ಒಂದು ಕೆಟ್ಟ ತಿಂಗಳು ಬಡ್ಡಿ ಏರಿಸಿ, ಏರಿದ ಬಡ್ಡಿ ಅನುಪಾತ ಇಳಿಸಿ, ಆಟಗಾರನಿಗೆ ಕಾರಣವೇ ತಿಳಿಯದೆ ದಿವಾಳಿ. ನಾಲ್ಕು ತ್ರೈಮಾಸಿಕಗಳ ಒಟ್ಟು ಹಿಡಿಯಿರಿ, ಹೊಸ ಸಾಲಕ್ಕೆ ಮಾತ್ರ ಹೊಸ ದರ ಹಾಕಿ, ಅನುಪಾತದ ಷರತ್ತು ಮುರಿದರೆ ಒಂದು ತ್ರೈಮಾಸಿಕ ಕಾಲಾವಕಾಶ ಕೊಡಿ. ಸಾಲಪತ್ರದ ಪರದೆಯಲ್ಲಿ ಈಗಿನ ಅನುಪಾತ ಮತ್ತು ಮುಂದಿನ ಗೆರೆ ಎರಡೂ ಕಾಣಲಿ.

ಕೊನೆಯ ತೊಡಕು ಕಂಪ್ಯೂಟರ್ ಎದುರಾಳಿಗಳದು. ಇದೇ ನಿಯಮಗಳನ್ನು ಅವಕ್ಕೂ ಹಾಕಿದರೆ ಮೊದಲ ಹಿಂಜರಿತಕ್ಕೇ ಸಾಲುಸಾಲಾಗಿ ಮುಳುಗುತ್ತವೆ, ಏಕೆಂದರೆ ಅವುಗಳ ಬುದ್ಧಿ ಬರೆದಿರುವುದು ನಗದು ಉಳಿದಿದ್ದರೆ ಕಟ್ಟು ಎಂಬ ಲೆಕ್ಕದಲ್ಲಿ. ಅವಕ್ಕೆ ಪುಕ್ಕಟೆ ಹಣ ಕೊಡುವುದಕ್ಕಿಂತ, ಮೂರು ತಿಂಗಳ ಖರ್ಚು ಮತ್ತು ಕಂತಿನಷ್ಟು ನಗದು ಮುಟ್ಟದಂತೆ ಕಟ್ಟುಹಾಕಿ, ಅನುಪಾತ 2.5ಕ್ಕಿಂತ ಕೆಳಗಿದ್ದಾಗ ವಿಸ್ತರಣೆ ನಿಲ್ಲಿಸುವ ಸಾಲೊಂದನ್ನು ಅವುಗಳ ಕೋಡ್‌ಗೆ ಸೇರಿಸುವುದು ಲೇಸು.