ಬೇಸ್ ಗಿಟಾರಿನ ಸಡಿಲಾದ ಸ್ಕ್ರೂ ತೂತಿಗೆ ಫೆವಿಕಾಲ್ ಎಸ್‌ಎಚ್: ಮೂರು ವರ್ಷ ಬಳಸಿದ ಮೇಲೆ

ಅಂಕ: 5ಕ್ಕೆ 4

ಬೇಸ್ ಗಿಟಾರಿನಲ್ಲಿ ಮೊದಲು ಕೈಕೊಡುವುದು ಹೆಗಲ ಪಟ್ಟಿ ಸಿಕ್ಕಿಸುವ ಗುಂಡಿಯ, ಅಂದರೆ ಸ್ಟ್ರಾಪ್ ಬಟನ್ನಿನ ಸ್ಕ್ರೂ. ಬಿಗಿ ಮಾಡಲು ಹೋದರೆ ಸುಮ್ಮನೆ ಸುತ್ತುತ್ತದೆ, ಬೆರಳಲ್ಲಿ ಎಳೆದರೆ ಮರದ ಪುಡಿಯ ಸಮೇತ ಹೊರಗೆ ಬರುತ್ತದೆ. ಈ ರಿಪೇರಿಗೆ ದುಬಾರಿ ಆಮದು ಅಂಟೇ ಬೇಕು ಎನ್ನುವವರಿದ್ದಾರೆ. ಬೇಡ. ಯಾವುದೇ ಪ್ಲೈವುಡ್ ಅಂಗಡಿಯಲ್ಲಿ ಸಿಗುವ ಫೆವಿಕಾಲ್ ಎಸ್‌ಎಚ್ ಈ ಕೆಲಸಕ್ಕೆ ಧಾರಾಳವಾಗಿ ಸಾಕು, ಆದರೆ ಈ ಬಿಳಿ ಅಂಟನ್ನು ತೂತಿಗೆ ತುಂಬುವ ಮರದ ತುಂಡಿನ ಜೊತೆ ಬಳಸಬೇಕು. ಸ್ಕ್ರೂವನ್ನು ಹಿಡಿಯುವುದು ಮರ. ಮರವನ್ನು ಹಿಡಿಯುವುದಷ್ಟೇ ಅಂಟಿನ ಕೆಲಸ.

ಬಟನ್ನಿನ ತೂತೇ ಯಾಕೆ ಮೊದಲು ಹಾಳಾಗುತ್ತದೆ? ಬಾಡಿಯ, ಅಂದರೆ ಗಿಟಾರಿನ ಒಡಲಿನ, ಮರದ ನಾರು ಕತ್ತಿನಂಥ ಉದ್ದ ಭಾಗವಾದ ನೆಕ್‌ ಕಡೆಯಿಂದ ತಂತಿಗಳ ಬುಡ ಹಿಡಿಯುವ ಬ್ರಿಜ್ ಕಡೆಗೆ ಉದ್ದಕ್ಕೆ ಹರಿದಿರುತ್ತದೆ. ಬಟನ್ ಇರುವುದು ಬಾಡಿಯ ತುದಿಯಲ್ಲಿ, ಹಾಗಾಗಿ ಸ್ಕ್ರೂ ನಾರಿನ ಜೊತೆಜೊತೆಗೇ ಒಳಗಿಳಿಯುತ್ತದೆ. ಥ್ರೆಡ್ಡಿಗೆ ಸಿಗುವುದು ತುಂಡಾದ ನಾರಿನ ಮೋಟು ಎಳೆಗಳು ಮಾತ್ರ. ಕೊತ್ತಂಬರಿ ಸೊಪ್ಪಿನ ಕಟ್ಟಿನೊಳಗೆ ಉದ್ದಕ್ಕೆ ಕಡ್ಡಿ ತೂರಿಸಿದ ಹಾಗೆ, ಎಳೆದರೆ ಬಂದುಬಿಡುತ್ತದೆ. ಇದರ ಮೇಲೆ ಸುಮಾರು 4 ಕೆಜಿಯ ವಾದ್ಯ ನೇತಾಡುತ್ತಿರುತ್ತದೆ, ನುಡಿಸುವವರು ತಿರುಗಿದಾಗಲೆಲ್ಲ ಬಟನ್ ಪಕ್ಕಕ್ಕೆ ಜಗ್ಗುತ್ತದೆ. ಬಾಸ್‌ವುಡ್ ಬಾಡಿಯಾದರೆ ಮರವೇ ಮೆತ್ತಗೆ, ಇನ್ನೂ ಬೇಗ ಸವೆಯುತ್ತದೆ.

ಬ್ರಿಜ್‌ನ ಕತೆ ಬೇರೆ. ನಾಲ್ಕು ತಂತಿಗಳು ಸೇರಿ ಅದನ್ನು 70 ಕೆಜಿಗೂ ಹೆಚ್ಚು ಬಲದಲ್ಲಿ ಎಳೆಯುತ್ತವೆ, ಆದರೆ ಆ ಎಳೆತ ಸ್ಕ್ರೂಗಳಿಗೆ ಅಡ್ಡಡ್ಡಲಾಗಿ ಹಂಚಿಹೋಗುತ್ತದೆ. ಅಲ್ಲಿ ತೂತು ಹಾಳಾಗಿದ್ದರೆ ಯಾರೋ ಪವರ್ ಡ್ರಿಲ್‌ನಲ್ಲಿ ಸ್ಕ್ರೂ ಬಿಗಿದಿದ್ದಾರೆ ಎಂದೇ ಲೆಕ್ಕ.

ತೂತಿನ ಸ್ಥಿತಿ ನೋಡಿ ದಾರಿ ಆರಿಸಿಕೊಳ್ಳಬೇಕು. ಸ್ಕ್ರೂ ಸ್ವಲ್ಪ ಹಿಡಿದು ಕೊನೆಯಲ್ಲಿ ಜಾರುತ್ತಿದ್ದರೆ ಬಿದಿರಿನ ಕಡ್ಡಿ ಸಾಕು. ಎರಡೋ ಮೂರೋ ಕಡ್ಡಿಗೆ ಅಂಟು ಸವರಿ, ತೂತು ಬಿಗಿಯಾಗಿ ತುಂಬುವವರೆಗೆ ತುರುಕಿ, ಒಣಗಿದ ಮೇಲೆ ಮೇಲ್ಮೈಗೆ ಸಮನಾಗಿ ಕತ್ತರಿಸಬೇಕು. ಬೆಂಕಿಕಡ್ಡಿ ಬೇಡ: ಮರ ಮೆತ್ತಗೆ, ಜೊತೆಗೆ ತಲೆಯ ಹತ್ತಿರ ಮೇಣ ಹೀರಿಕೊಂಡಿರುತ್ತದೆ. ಉರಿದು ಉಳಿದ ಊದುಬತ್ತಿ ಕಡ್ಡಿಯೂ ಬೇಡ. ಅದು ಬಿದಿರೇ ಆದರೂ ಸುಗಂಧದ ಎಣ್ಣೆ ಒಳಗೆ ಇಳಿದಿರುತ್ತದೆ, ಅಂಟು ಕೂರುವುದಿಲ್ಲ.

ಸ್ಕ್ರೂ ಕೈಯಲ್ಲೇ ಕಿತ್ತು ಬರುವಷ್ಟು ಹಾಳಾಗಿದ್ದರೆ ಕಡ್ಡಿ ಕೆಲವು ತಿಂಗಳು ತಳ್ಳಬಹುದು, ಅಷ್ಟೇ. ಅದಕ್ಕೆ 6 ಮಿಮೀ ಡೋವೆಲ್ (ಮರದ ದುಂಡು ಗೂಟ) ಹಾಕುವುದೇ ಸರಿ. ಪೀಠೋಪಕರಣ ಜೋಡಿಸುವ ಬೀಚ್ ಮರದ ಡೋವೆಲ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ತೇಗದ ತುಂಡಿನಲ್ಲಿ ಕೆತ್ತಿಕೊಡುತ್ತೇನೆಂದು ಬಡಗಿ ಹೇಳಿದರೆ ಒಪ್ಪಬೇಡಿ, ತೇಗದಲ್ಲಿ ಸಹಜವಾಗಿಯೇ ಎಣ್ಣೆಯ ಅಂಶವಿದೆ.

ತೂತಿನ ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ. 6 ಮಿಮೀ ಬಿಟ್ ಅನ್ನು ಮೊದಲು ಡ್ರಿಲ್‌ಗೆ ಹಾಕದೆ ಕೈಯಲ್ಲಿ ಹಿಡಿದು ಹಿಮ್ಮುಖವಾಗಿ ಹತ್ತಿಪ್ಪತ್ತು ಸುತ್ತು ತಿರುಗಿಸಿ. ಪಾಲಿಯೆಸ್ಟರ್ ಫಿನಿಶ್ ಗಾಜಿನಂತೆ ಗಡುಸು. ನೇರವಾಗಿ ಡ್ರಿಲ್ ಇಟ್ಟರೆ ಚಕ್ಕೆ ಏಳುತ್ತದೆ, ಆ ಚಕ್ಕೆ ಬಟನ್ನಿನ ಅಡಿಯಿಂದ ಆಚೆಗೂ ಹೋಗುತ್ತದೆ. ಬಣ್ಣದ ಪದರ ದಾಟಿ ಮರ ಕಂಡ ಮೇಲೆಯೇ ಡ್ರಿಲ್ ಹಿಡಿಯಿರಿ. ಸ್ಕ್ರೂ 25 ಮಿಮೀ ಇದ್ದರೆ 30 ಮಿಮೀ ಆಳ ಸಾಕು, ಬಿಟ್‌ಗೆ ಅಷ್ಟರಲ್ಲಿ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಇಬ್ಬರಿದ್ದರೆ ಒಳ್ಳೆಯದು. ಬಿಟ್ ಓರೆಯಾಗುವುದು ಡ್ರಿಲ್ ಹಿಡಿದವರಿಗಿಂತ ಪಕ್ಕದಲ್ಲಿ ನಿಂತವರಿಗೆ ಚೆನ್ನಾಗಿ ಕಾಣುತ್ತದೆ.

ಪುಡಿ ಊದಿ ತೆಗೆದು, ಡೋವೆಲನ್ನು ಒಮ್ಮೆ ಅಂಟಿಲ್ಲದೆ ಇಳಿಸಿ ನೋಡಿ. ಹೆಬ್ಬೆರಳ ಒತ್ತಡಕ್ಕೆ ಇಳಿಯಬೇಕು. ಸುತ್ತಿಗೆ ಬೇಕಾದರೆ ಬಿಗಿ ಹೆಚ್ಚಾಯಿತು, ತಾನಾಗಿ ಬಿದ್ದರೆ ಸಡಿಲವಾಯಿತು. ಡೋವೆಲ್ ಮೈಮೇಲೆ ಉದ್ದುದ್ದ ಗೀರುಗಳಿಲ್ಲದಿದ್ದರೆ ಚಾಕುವಿನಲ್ಲಿ ಒಂದು ಗೀರಿ. ಇಲ್ಲವಾದರೆ ತಳದಲ್ಲಿ ಸಿಕ್ಕಿಕೊಂಡ ಅಂಟಿಗೆ ಹೊರಬರಲು ದಾರಿಯಿರುವುದಿಲ್ಲ, ಒತ್ತಡಕ್ಕೆ ಮರವೇ ಬಿರುಕು ಬಿಡಬಹುದು. ಅಂಟನ್ನು ತೂತಿನ ಗೋಡೆಗೂ ಡೋವೆಲ್‌ಗೂ ತೆಳ್ಳಗೆ ಸವರಿ ಒಳಗೆ ತಳ್ಳಿ, ಉಕ್ಕಿದ್ದನ್ನು ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿ. ಇಡೀ ಕೆಲಸಕ್ಕೆ ಅರ್ಧ ಚಮಚದಷ್ಟೂ ಅಂಟು ಬೇಕಾಗುವುದಿಲ್ಲ.

24 ಗಂಟೆ ಮುಟ್ಟಬೇಡಿ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ 48 ಗಂಟೆ. ಈ ಅಂಟು ಗಟ್ಟಿಯಾಗುವುದು ಅದರೊಳಗಿನ ನೀರು ಹೋದ ಮೇಲೆ. ಮೂವತ್ತು ಮಿಮೀ ಆಳದ ತೂತಿನಲ್ಲಿ ಆ ನೀರನ್ನು ಮರವೇ ಹೀರಿಕೊಳ್ಳಬೇಕು.

ಆಮೇಲೆ ಪೈಲಟ್ ತೂತು, ಅಂದರೆ ಸ್ಕ್ರೂಗೆ ದಾರಿ ಮಾಡುವ ಸಣ್ಣ ತೂತು. ರಿಪೇರಿ ಮತ್ತೆ ಕೆಡುವುದು ಹೆಚ್ಚಾಗಿ ಇಲ್ಲೇ. ಬಟನ್ನಿಗೆ ಸಾಮಾನ್ಯವಾಗಿ ಬರುವ 3.5 ಮಿಮೀ ಸ್ಕ್ರೂಗೆ ಬೀಚ್ ಡೋವೆಲ್‌ನಲ್ಲಿ 2.5 ಮಿಮೀ ಬಿಟ್. ಪೈಲಟ್ ಇಲ್ಲದೆ ಸ್ಕ್ರೂ ತಿರುಗಿಸಿದರೆ ಡೋವೆಲ್ ಸೌದೆಯಂತೆ ಉದ್ದಕ್ಕೆ ಸೀಳುತ್ತದೆ. ಥ್ರೆಡ್ಡಿಗೆ ಮೇಣದಬತ್ತಿ ಉಜ್ಜಿ, ಸೋಪು ಬೇಡ, ಅದು ತೇವ ಎಳೆದು ಸ್ಕ್ರೂಗೆ ತುಕ್ಕು ಹಿಡಿಸುತ್ತದೆ. ಕೊನೆಯ ಬಿಗಿ ಕೈಯ ಸ್ಕ್ರೂಡ್ರೈವರಿನಲ್ಲೇ. ಬಟನ್ ಅಡಿಯ ಫೆಲ್ಟ್ ವಾಷರ್ ಒತ್ತಿಕೊಂಡಿತು ಎಂದಾಗ ನಿಲ್ಲಿಸಿ. ಮುಂದೆ ಯಾವಾಗಲಾದರೂ ಬಿಚ್ಚಿ ಹಾಕುವಾಗ ಸ್ಕ್ರೂವನ್ನು ಮೊದಲು ಎಡಕ್ಕೆ ತಿರುಗಿಸಿ, 'ಟಕ್' ಎಂದು ಹಳೆಯ ಥ್ರೆಡ್ಡಿಗೆ ಕೂತ ಮೇಲೆ ಬಲಕ್ಕೆ.

ಇನ್ನು ಅಂಟಿನ ಬಗ್ಗೆ. ಬಟನ್ನಿನ ತೂತಿನಲ್ಲಿ ಡೋವೆಲ್‌ನ ನಾರೂ ಬಾಡಿಯ ನಾರೂ ಒಂದೇ ದಿಕ್ಕಿಗೆ ಇರುತ್ತವೆ. ಬಿಳಿ ಅಂಟು ಅತ್ಯಂತ ಗಟ್ಟಿಯಾಗಿ ಕೂರುವುದು ಇಂಥ ಜೋಡಣೆಯಲ್ಲೇ. ಮೂರು ವರ್ಷದಲ್ಲಿ ಡೋವೆಲ್ ಒಳಗೆ ತಿರುಗಿದ್ದಾಗಲಿ ಮೇಲೆದ್ದದ್ದಾಗಲಿ ಇಲ್ಲ. ಒಂದು ಅಂಕ ಕಳೆದಿರುವುದು ಇದಕ್ಕೆ ಸಂದು ತುಂಬುವ ಶಕ್ತಿಯಿಲ್ಲ ಎಂಬ ಕಾರಣಕ್ಕೆ. ಡೋವೆಲ್ ಅರ್ಧ ಮಿಮೀ ಸಡಿಲವಿದ್ದರೂ ಅಂಟು ಒಣಗುತ್ತಾ ಕುಗ್ಗಿ ಪೊಳ್ಳು ಉಳಿಯುತ್ತದೆ. ಅಂಥ ಕಡೆ ಎರಡು ಟ್ಯೂಬಿನ ಎಪಾಕ್ಸಿ ಮೇಲು. ಒಣಗಿದ ಹಳೆಯ ಅಂಟಿನ ಮೇಲೂ ಇದು ಹಿಡಿಯುವುದಿಲ್ಲ, ಹಿಂದೆ ಯಾರಾದರೂ ರಿಪೇರಿ ಮಾಡಿದ್ದರೆ ಅದನ್ನು ಪೂರ್ತಿ ಕೊರೆದು ತೆಗೆಯಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಗಿಟಾರ್ ಬಿಡಬೇಡಿ, ಕಾವಿಗೆ ಈ ಜಾತಿಯ ಅಂಟು ಮೆತ್ತಗಾಗುತ್ತದೆ.

ಪಿಕ್‌ಗಾರ್ಡಿನ (ಬಾಡಿಯ ಮೇಲಿನ ತೆಳು ರಕ್ಷಣಾ ಹಾಳೆಯ) ಪುಟ್ಟ ಸ್ಕ್ರೂಗಳಿಗೆ ಇಷ್ಟೆಲ್ಲ ಬೇಕಿಲ್ಲ. ತೂತಿಗೆ ಒಂದು ಹನಿ ತೆಳು ಸೂಪರ್‌ಗ್ಲೂ ಬಿಟ್ಟು, ಪೂರ್ತಿ ಒಣಗಿದ ಮೇಲೆ ಸ್ಕ್ರೂ ಹಾಕಿದರೆ ಸಾಕು.

ನೆಕ್‌ನ ಸ್ಕ್ರೂಗಳಲ್ಲಿ ಮಾತ್ರ ಅಂಗಡಿಯ ಡೋವೆಲ್ ಬಳಸಬೇಡಿ. ಅಲ್ಲಿ ಸ್ಕ್ರೂ ಮೇಪಲ್‌ನ ನಾರಿಗೆ ಅಡ್ಡಲಾಗಿ ಹೋಗಿ ಗಟ್ಟಿಯಾಗಿ ಹಿಡಿಯುತ್ತದೆ, ಡೋವೆಲ್ ಹಾಕಿದರೆ ಆ ಲಾಭ ಹೋಗಿ ಮತ್ತೆ ಕೊತ್ತಂಬರಿ ಕಟ್ಟೇ ಆಗುತ್ತದೆ. ಬಿಲ್ಲೆ ಕೊರೆಯುವ ಬಿಟ್ ಆದ ಪ್ಲಗ್ ಕಟರಿನಲ್ಲಿ ಮೇಪಲ್ ಹಲಗೆಯ ಮೈಯಿಂದ ಬಿಲ್ಲೆ ತೆಗೆದು, ಅದರ ನಾರು ನೆಕ್‌ನ ನಾರಿನ ದಿಕ್ಕಿಗೇ ಕೂರುವಂತೆ ಅಂಟಿಸಬೇಕು. ನೆಕ್‌ನ ಬುಡ ಬೆರಳೊತ್ತುವ ಹಲಗೆಯಾದ ಫ್ರೆಟ್‌ಬೋರ್ಡೂ ಸೇರಿ ಸುಮಾರು 25 ಮಿಮೀ ದಪ್ಪವಷ್ಟೇ. ಆಳದ ಗುರುತಿಲ್ಲದೆ ಕೊರೆದರೆ ಬಿಟ್ ಫ್ರೆಟ್‌ಗಳ ನಡುವೆ ಆಚೆ ಬರುತ್ತದೆ.

ಕೊಳ್ಳುವಾಗ ಇರುವುದರಲ್ಲೇ ಚಿಕ್ಕ ಡಬ್ಬ ತೆಗೆದುಕೊಳ್ಳಿ. ಮುಚ್ಚಳ ಸ್ವಲ್ಪ ಸಡಿಲವಾದರೂ ಮೇಲೆ ಕೆನೆಗಟ್ಟಿ, ನಿಧಾನಕ್ಕೆ ಒಳಗೂ ಮಂದವಾಗುತ್ತದೆ. ಕಡ್ಡಿಯಿಂದ ಎತ್ತಿದಾಗ ಧಾರೆಯಾಗಿ ಇಳಿಯದೆ ಗಡ್ಡೆಯಾಗಿ ಬೀಳುವ ಅಂಟನ್ನು ಗಿಟಾರಿಗೆ ಹಾಕಬೇಡಿ.