ಪೊಟ್ಯಾಟೊ ಡೆಕ್ಸ್‌ಟ್ರೋಸ್ ಅಗರ್ ಪುಡಿ (500 ಗ್ರಾಂ): ಕಾಂಡ್ಲಾ ಶಿಲೀಂಧ್ರದವರ ಅಭಿಪ್ರಾಯ

ನಾಲ್ಕು ಸ್ಟಾರ್. ಐದನೆಯದನ್ನು ಯಾಕೆ ಇಟ್ಟುಕೊಂಡೆ ಅಂತ ಹೇಳ್ತೀನಿ.

ಕುಂದಾಪುರದ ಹಿನ್ನೀರಿನಿಂದ ಕಾಂಡ್ಲಾ (ಉಪ್ಪುನೀರಿನ ಮ್ಯಾಂಗ್ರೋವ್ ಗಿಡ), ಅದರ ಜೊತೆ ಬೆಳೆಯುವ ಹೊಳೆಚುಳ್ಳಿ ಎಲೆಗಳನ್ನು ತಂದು, ಅವುಗಳ ಒಳಗೇ ಬದುಕುವ ಶಿಲೀಂಧ್ರಗಳನ್ನು ಹೊರಗೆ ಬೆಳೆಸಿ, ಅವು ತಯಾರಿಸುವ ರಾಸಾಯನಿಕಗಳಲ್ಲಿ ಬ್ಯಾಕ್ಟೀರಿಯಾ ಕೊಲ್ಲುವಂಥದ್ದು ಇದೆಯೇ ಅಂತ ನೋಡುವುದು ನಮ್ಮ ಕೆಲಸ. ಶಿಲೀಂಧ್ರ ಬೆಳೆಸಲು ಬಟಾಟೆ ಸಾರ, ಸಕ್ಕರೆ, ಗಟ್ಟಿಯಾಗಿಸುವ ಅಗರ್ ಸೇರಿದ ಆಹಾರ ಬೇಕು; ಅದಕ್ಕಾಗಿ ಬಟಾಟೆ ಬೇಯಿಸಿ ಸೋಸುವ ರಗಳೆಯನ್ನು ಈ ಪುಡಿ ತಪ್ಪಿಸಿದೆ. ಲೀಟರಿಗೆ 39 ಗ್ರಾಂ, 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ). ಪ್ಲೇಟಿಗೆ (ಮುಚ್ಚಳವಿರುವ ಪೆಟ್ರಿ ತಟ್ಟೆ) 20 ಎಂಎಲ್ ಸುರಿದರೆ ಡಬ್ಬಿಗೆ ಸುಮಾರು 640 ಪ್ಲೇಟ್. ದುಬಾರಿ ಅನ್ನಲಾರೆ.

ಆದರೆ ಎಲೆಚೂರು ಇಡುವ ಮೊದಲ ಪ್ಲೇಟಿಗೆ ಡಬ್ಬಿಯ ಮೇಲಿನ ಅಳತೆ ಬೇಡ. ಅಷ್ಟು ಸಕ್ಕರೆ ಸಿಕ್ಕರೆ ಟ್ರೈಕೋಡರ್ಮಾ, ಆಸ್ಪರ್ಜಿಲಸ್‌ನಂಥ ವೇಗದ ಬೂಷ್ಟುಗಳು ಎರಡೇ ದಿನದಲ್ಲಿ ಇಡೀ ಪ್ಲೇಟ್ ನುಂಗುತ್ತವೆ. ಹೊಸದು ಸಿಗಬಹುದಾದ ನಿಧಾನಸ್ಥರು ಅಡಿಯಲ್ಲೇ ಉಳಿಯುತ್ತಾರೆ. ನಾನು ಕಾಲು ಭಾಗ ಪುಡಿ ಹಾಕಿ, ಗಟ್ಟಿಯಾಗಲು ಬೇರೆ ಅಗರ್ ಸೇರಿಸಿ, ನೀರಿನಲ್ಲಿ ಅರ್ಧದಷ್ಟು ಸಮುದ್ರದ ನೀರನ್ನೇ ಬಳಸುತ್ತೇನೆ. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಆಂಟಿಬಯಾಟಿಕ್ ಪುಡಿಯಲ್ಲಿ ಇಲ್ಲ. ಕ್ಲೋರಾಂಫೆನಿಕಾಲ್ ನೀವೇ ಹಾಕಬೇಕು, ಅದು ಬಿಸಿ ತಾಳುತ್ತದೆ, ಆಟೋಕ್ಲೇವಿಗೆ ಮುಂಚೆಯೇ ಹಾಕಬಹುದು. ಹೊರಮೈ ಕ್ರಿಮಿ ಸಾಯಲು ಎಲೆಯನ್ನು ಆಲ್ಕೋಹಾಲ್, ಹೈಪೋಕ್ಲೋರೈಟ್‌ನಲ್ಲಿ (ಬ್ಲೀಚ್) ತೊಳೆದ ಮೇಲೆ ಕೊನೆಗೆ ತೊಳೆದ ನೀರನ್ನೂ ಒಂದು ಪ್ಲೇಟಿಗೆ ಹಚ್ಚಿಡಿ. ಅದರಲ್ಲಿ ಏನಾದರೂ ಬೆಳೆದರೆ ನಿಮಗೆ ಸಿಕ್ಕಿದ್ದು ಎಲೆಯ ಒಳಗಿನದೋ ಹೊರಗಿನ ಧೂಳೋ ಹೇಳಲಾಗದು.

ಐದನೇ ಸ್ಟಾರ್ ಹೋದದ್ದು ರಸಾಯನದ ಲೆಕ್ಕದಲ್ಲಿ. ಚೆನ್ನಾಗಿ ಬೆಳೆದ ಶಿಲೀಂಧ್ರ ಚೆನ್ನಾಗಿ ರಾಸಾಯನಿಕ ಕೊಡುತ್ತದೆ ಅಂತಿಲ್ಲ. ಒಂದೇ ತಳಿಗೆ ಆಹಾರ ಬದಲಿಸಿದರೆ ಬೇರೆ ಬೇರೆ ಸಂಯುಕ್ತ ಬರುತ್ತವೆ ಎಂದು ಜರ್ಮನಿಯ ಝೀಕ್ ತಂಡ 2002ರಲ್ಲೇ ಬರೆದಿದೆ. ನಮ್ಮಲ್ಲೂ ಹಾಗೇ: ಈ ಅಗರ್ ಮೇಲೆ ಬೆಳೆದ ಶಿಲೀಂಧ್ರದ ಟಿಎಲ್‌ಸಿ ಪ್ಲೇಟ್ (ಸಾರದಲ್ಲಿನ ಸಂಯುಕ್ತಗಳನ್ನು ಚುಕ್ಕೆಗಳಾಗಿ ಬೇರ್ಪಡಿಸಿ ತೋರಿಸುವ ಹಾಳೆ) ಹೆಚ್ಚುಕಮ್ಮಿ ಖಾಲಿ. ಅದನ್ನೇ ಫ್ಲಾಸ್ಕಿನಲ್ಲಿ ಬೇಯಿಸಿದ ಅಕ್ಕಿಯ ಮೇಲೆ ಮೂರು ನಾಲ್ಕು ವಾರ ಬಿಟ್ಟು ಈಥೈಲ್ ಅಸಿಟೇಟ್ ಎಂಬ ದ್ರಾವಕದಲ್ಲಿ ಸಾರ ತೆಗೆದರೆ ಸಾಲುಸಾಲು ಚುಕ್ಕೆ. (ಶಿಲೀಂಧ್ರ ಹಾಕದ ಅಕ್ಕಿಯನ್ನೂ ಜೊತೆಗೇ ಓಡಿಸಿ. ಅಕ್ಕಿಯ ಕೊಬ್ಬಿನ ಚುಕ್ಕೆಗೆ ಸಂಭ್ರಮಿಸಿದವರಿದ್ದಾರೆ.) ಹಾಗಾಗಿ ಪ್ರತ್ಯೇಕಿಸಲು, ತಳಿ ಕಾಪಾಡಲು, ಡಿಎನ್‌ಎ ತೆಗೆಯಲು ಬೇಕಾದ ಬೆಳವಣಿಗೆಗೆ ಈ ಪುಡಿ. ಸಂಯುಕ್ತ ಹುಡುಕಲು ಕಿರಾಣಿ ಅಂಗಡಿ.

ಕರಾವಳಿಯವರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟರೆ ಪುಡಿ ಅಚ್ಚುಬೆಲ್ಲ ಆಗುತ್ತದೆ. ಜೂನ್‌ನಲ್ಲಿ ತರಿಸುವುದಾದರೆ 100 ಗ್ರಾಂ ಡಬ್ಬಿಯೇ ವಾಸಿ.