ಮೊದಲ ಸಾಲೋ, ಕೊನೆಯ ಸಾಲೋ? ಒಂದೇ ರೋಲರ್ ಕೋಸ್ಟರ್‌ನಲ್ಲಿ ಆರು ಸುತ್ತು

ನನಗೂ ನನ್ನ ತಮ್ಮನಿಗೂ ಇದು ಹಳೇ ಜಗಳ. ರೋಲರ್ ಕೋಸ್ಟರ್‌ನಲ್ಲಿ ಮುಂದೆ ಕೂತರೇ ಮಜಾ ಅಂತ ಅವನು. ಇಲ್ಲ, ಹಿಂದೆ ಅಂತ ನಾನು. ಚಿಕ್ಕವರಿದ್ದಾಗ ಇಬ್ಬರ ಮಾತೂ ನಡೆಯುತ್ತಿರಲಿಲ್ಲ. ಅಮ್ಮ ಇಬ್ಬರನ್ನೂ ನಡುವಿನ ಡಬ್ಬಿಯಲ್ಲಿ ಕೂರಿಸುತ್ತಿದ್ದರು. ಈಗ ಇಬ್ಬರಿಗೂ ಕೆಲಸ, ಬೇರೆ ಬೇರೆ ಮನೆ. ವರ್ಷಕ್ಕೆ ಒಂದು ದಿನವಾದರೂ ಇಬ್ಬರೇ ಸುತ್ತಾಡಬೇಕು ಅಂತ ಮಾತಾಡಿಕೊಂಡಿದ್ದೇವೆ. ಈ ಸಲ ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವಷ್ಟು ದೂರದ ಒಂದು ಅಮ್ಯೂಸ್‌ಮೆಂಟ್ ಪಾರ್ಕ್‌ಗೆ ಹೋದೆವು. ಬೇರೆ ಆಟಗಳನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟೆವು. ಒಂದೇ ಕೋಸ್ಟರ್‌ನಲ್ಲಿ ಆರು ಸುತ್ತು ಹಾಕಿದೆವು. ಮುಂದೆ ಎರಡು, ಹಿಂದೆ ಮೂರು, ನಡುವೆ ಒಂದು.

ಮೊದಲ ಸುತ್ತು ಮುಂದೆ. ರೈಲನ್ನು ಸರಪಳಿ ಮೇಲಕ್ಕೆ ಎಳೆಯುವಾಗ ಕಟಕಟ ಸದ್ದು ಬರುತ್ತದಲ್ಲ, ಅದನ್ನು ಕೇಳಿಯೇ ತುಂಬ ಜನ ಹೆದರುತ್ತಾರೆ. ಅದು ರೈಲು ಹಿಂದಕ್ಕೆ ಜಾರದಂತೆ ತಡೆಯುವ ಕೊಂಡಿ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಬೀಳುವ ಸದ್ದು. ಇದು ಗೊತ್ತಾದ ಮೇಲೆ ನನಗೆ ಆ ಸದ್ದು ಕೇಳಿದರೇ ಧೈರ್ಯ.

ತುದಿ ಮುಟ್ಟಿದ ಮೇಲೆ ಮೊದಲ ಸಾಲಿನವರಿಗೆ ಒಂದು ವಿಚಿತ್ರ ಗಳಿಗೆ ಸಿಗುತ್ತದೆ. ನಮ್ಮ ಡಬ್ಬಿ ಆಗಲೇ ಕೆಳಕ್ಕೆ ಬಗ್ಗಿರುತ್ತದೆ. ಆದರೆ ಉಳಿದ ಡಬ್ಬಿಗಳ ಭಾರ ಇನ್ನೂ ಹಿಂದೆ, ಏರಿನ ಮೇಲೇ ಇದೆ. ಸುಮಾರು ಅರ್ಧ ರೈಲು ತುದಿ ದಾಟುವವರೆಗೆ ವೇಗ ಬರುವುದಿಲ್ಲ. ಅಲ್ಲಿಯವರೆಗೆ ನಾವು ಇಳಿಜಾರನ್ನೇ ನೋಡುತ್ತ ನೇತಾಡುತ್ತಿರುತ್ತೇವೆ. ಮುಂದೆ ಯಾರ ತಲೆಯೂ ಇಲ್ಲ. ಬರೀ ಹಳಿ, ಗಾಳಿ. "ಅಕ್ಕಾ, ನೋಡು, ನೋಡು" ಅಂತ ತಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡ. ಬಿದ್ದಾಗ ಬಿದ್ದಿದ್ದು ನಿಧಾನಕ್ಕೇ. ಆಮೇಲೆ ವೇಗ ಏರಿತು.

ಎರಡನೇ ಸುತ್ತು ಕೊನೆಯ ಸಾಲಿನಲ್ಲಿ. ಅದೇ ಹಳಿ, ಅದೇ ಇಳಿಜಾರು. ಆದರೆ ನಾವು ತುದಿಗೆ ಬರುವ ಹೊತ್ತಿಗೆ ಮುಂದಿನ ಡಬ್ಬಿಗಳೆಲ್ಲ ಬೀಳುತ್ತಿದ್ದವು. ನೇತಾಡುವ ಗಳಿಗೆಯೇ ಇಲ್ಲ. ಯಾರೋ ಕೊರಳುಪಟ್ಟಿ ಹಿಡಿದು ಎಳೆದ ಹಾಗೆ ತುದಿಯ ಆಚೆಗೆ ಹೋದೆವು. ಮೈ ಸೀಟಿನಿಂದ ಎದ್ದಿತು. ತೊಡೆಯ ಮೇಲಿನ ಕಂಬಿಯೇ ನಮ್ಮನ್ನು ಹಿಡಿದಿದ್ದು. ನಾನು ಇಷ್ಟು ವರ್ಷ ಹೇಳುತ್ತಿದ್ದದ್ದು ಇದನ್ನೇ.

ಇದರ ಲೆಕ್ಕ ಸುಲಭ. ಯಾವುದೇ ಕ್ಷಣದಲ್ಲಿ ರೈಲಿನ ಎಲ್ಲ ಡಬ್ಬಿಗಳ ವೇಗವೂ ಒಂದೇ. ಆದರೆ ಹಳಿಯ ಒಂದೇ ಜಾಗವನ್ನು ಬೇರೆ ಬೇರೆ ಡಬ್ಬಿಗಳು ಬೇರೆ ಬೇರೆ ವೇಗದಲ್ಲಿ ದಾಟುತ್ತವೆ. ಮೊದಲ ತುದಿಯನ್ನು ಮುಂದಿನ ಡಬ್ಬಿ ಸರಪಳಿಯ ವೇಗದಲ್ಲಿ ದಾಟಿದರೆ, ಹಿಂದಿನದು ಬೀಳುವ ರೈಲಿನ ವೇಗದಲ್ಲಿ ದಾಟುತ್ತದೆ. ಮುಂದಿನ ಸಣ್ಣ ಗುಡ್ಡಗಳಲ್ಲೂ ವ್ಯತ್ಯಾಸ ಇದೆ, ಅದನ್ನು ಕಂಡುಹಿಡಿದದ್ದು ತಮ್ಮ. ಮುಂದೆ ಕೂತರೆ ಏರುವಾಗ, ತುದಿಗೆ ಸ್ವಲ್ಪ ಮೊದಲೇ ಮೈ ಹಗುರಾಗುತ್ತದೆ. ಹಿಂದೆ ಕೂತರೆ ತುದಿ ದಾಟಿ ಇಳಿಯುವಾಗ. ನಾನು ಅದನ್ನು ಯಾವತ್ತೂ ಗಮನಿಸಿರಲಿಲ್ಲ.

ಇಷ್ಟು ಎತ್ತಿ ಹಾಕಿದರೂ ರೈಲು ಹಳಿ ಬಿಟ್ಟು ಏಳುವುದಿಲ್ಲ, ಯಾಕೆಂದರೆ ಹಳಿಯ ಕೆಳಗೂ ಚಕ್ರಗಳಿವೆ. ಅಮೆರಿಕದ ಕೋಸ್ಟರ್ ವಿನ್ಯಾಸಕ ಜಾನ್ ಮಿಲ್ಲರ್ ಅದಕ್ಕೆ 1919ರಲ್ಲಿ ಪೇಟೆಂಟ್ ಪಡೆದ. ಅದಕ್ಕೂ ಮೊದಲು, 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ನಲ್ಲಿ ಓಡಿಸಿದ ಕೋಸ್ಟರ್ ರೈಲಿನ ವೇಗ ಗಂಟೆಗೆ ಸುಮಾರು 10 ಕಿ.ಮೀ. ಅದರಲ್ಲಿ ಜನ ಪಕ್ಕಕ್ಕೆ ಮುಖ ಮಾಡಿ ಕೂರುತ್ತಿದ್ದರು. ನಮ್ಮ ಜಗಳ ಆಗ ಹುಟ್ಟುತ್ತಲೇ ಇರಲಿಲ್ಲ.

ಹಿಂದಿನ ಸೀಟು ಜಾಸ್ತಿ ಕುಲುಕುತ್ತದೆ ಅನ್ನುವುದಕ್ಕೆ ನನ್ನ ಹತ್ತಿರ ಒಂದು ಒಳ್ಳೆ ಸಾಕ್ಷಿ ಇದೆ. ಅಮೆರಿಕದ ವೈದ್ಯ ಡೇವಿಡ್ ವಾರ್ಟಿಂಗರ್ ಮೂತ್ರಪಿಂಡದ ಒಂದು ಮಾದರಿಯೊಳಗೆ ಕಲ್ಲುಗಳನ್ನಿಟ್ಟು, ಅದನ್ನು ಫ್ಲಾರಿಡಾದ ಡಿಸ್ನಿ ಪಾರ್ಕಿನ ಕೋಸ್ಟರ್ ಒಂದರಲ್ಲಿ ಮತ್ತೆ ಮತ್ತೆ ಸುತ್ತಾಡಿಸಿದರು. 2016ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಮುಂದೆ ಕೂತಾಗ 24ರಲ್ಲಿ 4 ಸಲ ಕಲ್ಲು ಜಾರಿತು. ಹಿಂದೆ ಕೂತಾಗ 36ರಲ್ಲಿ 23 ಸಲ! ತಮ್ಮನಿಗೆ ಇದನ್ನು ಹೇಳಿದರೆ, "ನನಗೆ ಕಲ್ಲಿಲ್ಲವಲ್ಲ ಅಕ್ಕ" ಅಂದ.

ನಡುವಿನ ಸಾಲಿನ ಬಗ್ಗೆ ಹೇಳುವುದು ಕಡಿಮೆ. ರೈಲಿನ ನಡುಭಾಗ ತಗ್ಗಿನಲ್ಲಿದ್ದಾಗ ರೈಲು ಅತಿ ವೇಗದಲ್ಲಿರುತ್ತದೆ. ಹಾಗಾಗಿ ತಗ್ಗುಗಳಲ್ಲಿ ಮೈ ಭಾರವಾಗಿ ಸೀಟಿಗೆ ಒತ್ತಿಕೊಳ್ಳುತ್ತದೆ. ಬೇರೇನೂ ವಿಶೇಷ ಇಲ್ಲ.

ಐದನೇ ಸುತ್ತು, ಮತ್ತೆ ಹಿಂದೆ. ಇಳಿದಾಗ ತಮ್ಮನ ಮುಖ ಬಿಳಿಚಿಕೊಂಡಿತ್ತು. ತಲೆಸುತ್ತು. ನೆರಳಿನಲ್ಲಿ ಒಂದು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟೆ. ಸ್ವಲ್ಪ ಹೊತ್ತಾದ ಮೇಲೆ, "ಚಿಕ್ಕವನಿದ್ದಾಗ ನಡುವೆ ಕೂತರೂ ಹೀಗೇ ಆಗ್ತಿತ್ತು. ಮುಂದೆ ಹಳಿ ಕಾಣುತ್ತೆ, ಅದಕ್ಕೇ ಮುಂದೆ ಕೂರ್ತೀನಿ ಅಂತಿದ್ದೆ" ಅಂದ. "ಯಾಕೋ ಹೇಳ್ಲಿಲ್ಲ?" ಅಂದೆ. "ಹೇಳಿದ್ರೆ ಅಮ್ಮ ಹತ್ತೋಕೇ ಬಿಡ್ತಿರಲಿಲ್ಲ."

ಅವನ ಮಾತಿನಲ್ಲಿ ನಿಜ ಇದೆ. ಹಿಂದೆ ಕೂತವರ ಕಣ್ಣಿಗೆ ಕಾಣುವುದು ಬರೀ ಮುಂದಿನ ಸೀಟಿನ ಬೆನ್ನು. ಅದು ಅಲ್ಲಾಡುವುದಿಲ್ಲ. ಒಳಗಿವಿ ಮಾತ್ರ ತಿರುಗುತ್ತಿದ್ದೇವೆ, ಬೀಳುತ್ತಿದ್ದೇವೆ ಅನ್ನುತ್ತಿರುತ್ತದೆ. ಎರಡೂ ಹೊಂದದಿದ್ದರೆ ಹೊಟ್ಟೆ ತೊಳಸುತ್ತದೆ. ಮುಂದೆ ಕೂತರೆ ತಿರುವು ಬರುವ ಮೊದಲೇ ಕಣ್ಣಿಗೆ ಗೊತ್ತಾಗುತ್ತದೆ. ನಾನು ಇದನ್ನು ಅವನ ಹಟ ಅಂದುಕೊಂಡಿದ್ದೆ. ಅದಕ್ಕೆ ಬೇಜಾರಾಯಿತು.

ಹಾಗಾದರೆ ಯಾವುದು ಒಳ್ಳೆಯದು? ಆಟದ ಮಟ್ಟಿಗೆ ನನ್ನ ಮಾತು ಬದಲಾಗಿಲ್ಲ, ಕೊನೆಯ ಸಾಲೇ. ಸರದಿಯೂ ಚಿಕ್ಕದು. ನಾವು ಹಿಂದಿನ ಸಾಲಿಗೆ ಹತ್ತು ನಿಮಿಷ ಕಾದರೆ ಮುಂದಿನದಕ್ಕೆ ಐವತ್ತು ನಿಮಿಷ ಕಾದೆವು. ಆದರೆ ಮೊದಲ ಸಲ ಹತ್ತುವವರನ್ನು, ಬಸ್ಸಿನಲ್ಲೇ ತಲೆಸುತ್ತು ಬರುವವರನ್ನು ಹಿಂದೆ ಕೂರಿಸಬೇಡಿ. ಅವರನ್ನು ಮುಂದೆ ಕೂರಿಸಿ, ಜೊತೆಗೆ ನೀವೂ ಕೂತುಕೊಳ್ಳಿ. ಜೋಕಾಲಿಯ ಹಾಗೆ ತೂಗುವ ಹಡಗಿನಲ್ಲೂ ಹೀಗೇ. ತುದಿಯವರು ಹೆಚ್ಚು ಎತ್ತರಕ್ಕೆ ಹೋಗುತ್ತಾರೆ, ನಡುವಿನವರಿಗೆ ಅಷ್ಟು ಇಲ್ಲ. ನಾವು ನಡುವೆ ಕೂತೆವು.

ಸಂಜೆ ತಮ್ಮ ಪೂರ್ತಿ ಚೇತರಿಸಿಕೊಂಡ ಮೇಲೆ, ಬೇಡ ಅಂದರೂ ಕೇಳದೆ ಇನ್ನೊಂದು ಸುತ್ತು ಅಂದ. ಹಾಗಾದರೆ ಮುಂದೆಯೇ ಅಂದೆ. ಚಕ್ರ, ಗ್ರೀಸ್ ಎಲ್ಲ ಬಿಸಿಯಾಗಿ ಬೆಳಗಿಗಿಂತ ಸಂಜೆ ರೈಲು ಜೋರಾಗಿ ಓಡುತ್ತದೆ, ನೋಡೋಣ ಅಂತ ನನಗೂ ಆಸೆ. ಸರದಿ ಮತ್ತೆ ಅಷ್ಟೇ ಉದ್ದ. ನಿಂತಲ್ಲೇ ಅವನು ತನ್ನ ಹೊಸ ಕೆಲಸದ ವಿಷಯ ಶುರು ಮಾಡಿದ. ಫೋನಿನಲ್ಲಿ ಯಾವಾಗಲೂ "ಎಲ್ಲ ಆರಾಮ್" ಅಂತ ಮುಗಿಸುತ್ತಿದ್ದವನು, ಮೊದಲ ದಿನದಿಂದ ಒಂದೊಂದಾಗಿ ಹೇಳಿದ. ಇನ್ನೂ ಮೂರನೇ ತಿಂಗಳಿಗೆ ಬಂದಿದ್ದ. ಅಷ್ಟರಲ್ಲಿ ಗೇಟು ತೆರೆಯಿತು.